ಶರೀಫರಿಗೆ ಗಿಟಾರು ಮೈಲಿಗೆಯೇ?

ಮೈಸೂರಿನ ಯಾದವಗಿರಿಯ ಕಡೆ ಸಂಗೀತದ ಮಾತು ಬಂದರೆ ಕಾಫಿಯ ಜೊತೆ ಈ ತೀರ್ಪೂ ಬರುತ್ತದೆ: ತತ್ವಪದಕ್ಕೆ ಹಾರ್ಮೋನಿಯಂ, ತಬಲ ಸಾಕು, ಗಿಟಾರು, ಡ್ರಮ್ಸು ಅಪಚಾರ. ತತ್ವಪದಕಾರ ಶಿಶುನಾಳ ಶರೀಫರನ್ನು ಗಾಯಕ ಸಿ. ಅಶ್ವತ್ಥ್ ಉಳಿಸಿದರು, ರಾಕ್ ಹಾಡುವ ರಘು ದೀಕ್ಷಿತ್ ಕೆಡಿಸಿದರು. ಕೇಳಿ ಕೇಳಿ ಸಾಕಾಗಿ ಬರೆಯುತ್ತಿದ್ದೇನೆ.

ಹಾರ್ಮೋನಿಯಂ ಎಲ್ಲಿಯದು ಸ್ವಾಮಿ? ಯುರೋಪಿನದು. 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಅದನ್ನು ನಮ್ಮ ಸಂಗೀತಕ್ಕೆ ಒಗ್ಗದ್ದೆಂದು ಹೊರಗಟ್ಟಿತು, ಸುಮಾರು ಮೂರು ದಶಕ ಒಳಗೆ ಬಿಡಲಿಲ್ಲ. ಆ ಸಂಸ್ಥೆಯದೇ ಮೈಸೂರು ನಿಲಯ ಯಾದವಗಿರಿಯಲ್ಲಿದೆ. ಅದೇ ಬಡಾವಣೆಯ ರಾಮಕೃಷ್ಣ ಆಶ್ರಮದ ಸಂಜೆಯ ಆರತಿಗೆ ಹಾರ್ಮೋನಿಯಂ ಬೇಕೇ ಬೇಕು. ಶ್ರೀವಿದ್ಯೆಯ ಉಪಾಸಕರಾಗಿ ಕೃತಿಗಳನ್ನು ರಚಿಸಿದ ಜಯಚಾಮರಾಜ ಒಡೆಯರು ರಷ್ಯಾದ ಸಂಯೋಜಕ ಮೆಟ್ನರ್‌ನ ಧ್ವನಿಮುದ್ರಣಕ್ಕೆ ಹಣ ಕೊಟ್ಟರು. ಆಗ ಯಾರಿಗೂ ಮೈಲಿಗೆ ಆಗಲಿಲ್ಲ.

ವಾದ್ಯ ಗಡುಸಾದ ಮಾತ್ರಕ್ಕೆ ಹಾಡು ಗಡುಸಾಗುವುದೂ ಇಲ್ಲ. ಅಮೆರಿಕದ ಸ್ಟ್ರೈಪರ್ ಎಂಬ ಕ್ರೈಸ್ತ ಮೆಟಲ್ ತಂಡವನ್ನೇ ನೋಡಿ. ಹಳದಿ-ಕಪ್ಪು ಪಟ್ಟೆಯ ವೇಷ, ಸಭಿಕರತ್ತ ಬೈಬಲ್ ಎಸೆಯುವ ಆಟ, ಎಂಟಿವಿಯಲ್ಲಿ ವಿಡಿಯೊಗಳ ಮೆರವಣಿಗೆ. ಚರ್ಚಿನ ಮಡಿವಂತರು ಸೈತಾನನ ಸಂಗೀತ ಎಂದರು. 1986ರ 'ಟು ಹೆಲ್ ವಿತ್ ದ ಡೆವಿಲ್' ಆಲ್ಬಮ್ ಪ್ಲಾಟಿನಂ ಮುಟ್ಟಿತು, ನಿಜ. ಆದರೆ ಅದರಿಂದ ಬಿಲ್‌ಬೋರ್ಡ್ ಪಟ್ಟಿಯ 23ನೇ ಸ್ಥಾನಕ್ಕೇರಿದ್ದು 'ಆನೆಸ್ಟ್ಲಿ' ಎಂಬ ಪಿಯಾನೋದ ಹಾಡು. ಅಷ್ಟೊಂದು ಕಬ್ಬಿಣ ಹೊತ್ತು ಕೊನೆಗೆ ಮಾರಿದ್ದು ಬೆಣ್ಣೆ.

ನಮ್ಮಲ್ಲಿ ಇದು ತಲೆಕೆಳಗಾಗಿದೆ: ವಾದ್ಯ ಮೆತ್ತಗೆ, ಗಂಟಲು ಗಡುಸು. ಕನ್ನಡದ ಮೊದಲ ಮೆಟಲ್ ಗಾಯಕ ಸಿ. ಅಶ್ವತ್ಥ್ ಎಂದರೆ ಭಾವಗೀತೆಯ ಮಂದಿ ಹೊಡೆಯಲು ಬರಬಹುದು, ಬರಲಿ. ನಾಗಾಭರಣರ 'ಸಂತ ಶಿಶುನಾಳ ಶರೀಫ' (1990) ಚಿತ್ರದ 'ಕೋಡಗನ ಕೋಳಿ ನುಂಗಿತ್ತ' ಕೇಳಿ. ಅಶ್ವತ್ಥ್ ಮೇಲಿನ ಸ್ಥಾಯಿಗೆ ಹೋಗುವಾಗ ದನಿಯನ್ನು ನಯ ಮಾಡುವುದಿಲ್ಲ. ಬಿರುಕು ಬಿಟ್ಟರೂ ಸರಿಯೇ ಎಂದು ನೂಕುತ್ತಾರೆ. ಅಕ್ಷರವನ್ನು ಹಲ್ಲಿನಲ್ಲಿ ಕಚ್ಚಿ ಎಸೆಯುತ್ತಾರೆ. ಶ್ರುತಿ ಕೊಂಚ ಅತ್ತಿತ್ತ ಆದರೂ ನನಗೆ ಚಿಂತೆಯಿಲ್ಲ. ಬೇರೆಯವರಲ್ಲಾದರೆ ಕ್ಷಮಿಸುತ್ತಿರಲಿಲ್ಲ, ಅದೂ ನಿಜ. ಬೆಂಗಳೂರಿನ ಅರಮನೆ ಮೈದಾನವನ್ನು 2005ರಲ್ಲಿ 'ಕನ್ನಡವೇ ಸತ್ಯ' ಎಂದು ತುಂಬಿಸಿದವರು ಅವರು. ಎರಡು ವರ್ಷದ ಮೇಲೆ ಅದೇ ಮೈದಾನಕ್ಕೆ ಬ್ರಿಟನ್ನಿನ ಮೆಟಲ್ ತಂಡ ಐರನ್ ಮೇಡನ್ ಬಂತು. ಗಂಟಲಿನ ಲೆಕ್ಕದಲ್ಲಿ ಇಬ್ಬರೂ ಒಂದೇ ಕುಲ.

ಅಶ್ವತ್ಥರ ಹಿಂದೆ ಬಂದ ಸುಗಮ ಸಂಗೀತದವರು ಹಾರ್ಮೋನಿಯಂ ಇಟ್ಟುಕೊಂಡರು, ಗಂಟಲು ಬಿಟ್ಟರು. ಕೀಬೋರ್ಡಿನ ಜೋಲಿ, ನಡುನಡುವೆ ಕೊಳಲು, ರೇಷ್ಮೆ ಸೀರೆ, ಜುಬ್ಬ, ನಸುನಗು. ಗುಡುಗುಡಿ ಸೇದುವುದನ್ನೇ ಅಧ್ಯಾತ್ಮ ಮಾಡಿ, ಬ್ರಾಹ್ಮಣ ಗುರು ಗೋವಿಂದಭಟ್ಟರ ಮುಸ್ಲಿಂ ಶಿಷ್ಯನಾಗಿ ಎರಡೂ ಕಡೆಯ ಮಡಿವಂತರ ನಿದ್ದೆಗೆಡಿಸಿದ ಶರೀಫ ಇವರ ಕೈಯಲ್ಲಿ ಆರತಕ್ಷತೆಯ ಅತಿಥಿಯಾದ. ಊರ ಭಜನೆಯಲ್ಲಿ ದಮ್ಮಡಿ, ತಾಳ ಕಿವಿಗಡಚಿಕ್ಕುತ್ತವೆ. ಅಲ್ಲಿ ಯಾರೂ ವಾಲ್ಯೂಮ್ ಇಳಿಸಿ ಅನ್ನುವುದಿಲ್ಲ.

ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಭರತನಾಟ್ಯ ಕಲಿತವರು. ಲುಂಗಿಯುಟ್ಟು ಕಾಲಿಗೆ ಗೆಜ್ಜೆ ಕಟ್ಟಿ, 2008ರ ಆಲ್ಬಮ್ಮಿನ 'ಗುಡುಗುಡಿಯ ಸೇದಿ ನೋಡೊ' ಹಾಡುವಾಗ ಅವರು ಮಾಡುವುದು ಮೆಟಲ್ ಅಲ್ಲ, ಜನಪದ ರಾಕ್. ಆದರೆ ಕುಣಿಯುತ್ತಾರೆ, ಕೂಗುತ್ತಾರೆ, ಸಭೆಯನ್ನೂ ಕೂಗಿಸುತ್ತಾರೆ. ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಸಂಗೀತೋತ್ಸವದ ಮೆಚ್ಚುಗೆ ನನಗೆ ಪ್ರಮಾಣವಲ್ಲ. ಅವರ ಹಾಡಿನಲ್ಲಿ ಶರೀಫರ ತುಂಟತನ ಇನ್ನೂ ಬದುಕಿದೆ, ಅದೇ ನನಗೆ ಪ್ರಮಾಣ.

ನಮ್ಮೂರಿನ ಜಗಳ ನಿಜಕ್ಕೂ ಗಿಟಾರಿನದಲ್ಲ. ಭಕ್ತಿ ಎಂದರೆ ಪಕ್ಕದ ಮನೆಗೆ ಕೇಳಿಸದಂತೆ ಇರಬೇಕಾದ ಸಭ್ಯತೆ ಎಂದು ನಿವೃತ್ತರ ಬಡಾವಣೆಗಳು ತೀರ್ಮಾನಿಸಿಬಿಟ್ಟಿವೆ. ಆ ತೀರ್ಮಾನ ಹಾಡುಗಳ ಮೇಲಷ್ಟೇ ನಿಲ್ಲುವುದಿಲ್ಲ: ಗಟ್ಟಿಯಾಗಿ ಮಾತಾಡುವವರು, ಉತ್ತರ ಕರ್ನಾಟಕದ ಉಚ್ಚಾರ, ತಮಟೆ, ಎಲ್ಲವೂ ಇದೇ ಪಟ್ಟಿಗೆ ಸೇರುತ್ತವೆ.

ತೀರ್ಪು ಕೊಡುವವರಲ್ಲಿ ಒಂದೇ ವಿನಂತಿ. ಮೊದಲು ಆ 1990ರ ಹಾಡುಗಳನ್ನು ದೊಡ್ಡ ದನಿಯಲ್ಲಿ ಹಾಕಿ. ಆಮೇಲೆ 2008ರ ಆಲ್ಬಮ್ ಕೇಳಿ. ನಡುವೆ ಬಂದ ಕ್ಯಾಸೆಟ್ಟುಗಳನ್ನು ಬಿಟ್ಟರೂ ನಷ್ಟವಿಲ್ಲ.