ಬಿಟ್ಟಿ ಮಾಡಿದವರು, ಬಿಟ್ಟಿ ಉಂಡವರು

1

ಕನ್ನಡ ವಿಮರ್ಶೆ ಪದಗಳ ಬಗ್ಗೆ ಬೇಕಾದಷ್ಟು ಮಾತಾಡಿದೆ. ಧ್ವನಿ, ಔಚಿತ್ಯ, ಪ್ರತಿಮೆ, ಸಂಕೇತ ಎಂದೆಲ್ಲ ನಾವೂ ಎಂ.ಎ. ತರಗತಿಯಲ್ಲಿ ಬಾಯಿಪಾಠ ಮಾಡಿ ಪಾಸಾದವರೇ. ಆದರೆ ಒಂದು ಪದ ಯಾರ ಬಾಯಿಂದ ಹೊರಟು ಯಾರ ಹೊಟ್ಟೆಯ ಮೇಲೆ ಬೀಳುತ್ತದೆ ಎಂದು ಕೇಳಿದ ವಿಮರ್ಶೆ ಕಡಿಮೆ. ದಲಿತ ವಿಮರ್ಶೆ ಕೇಳಬೇಕಾದ ಮೊದಲ ಪ್ರಶ್ನೆ ಇದೇ ಎಂದು ನನಗನ್ನಿಸುತ್ತದೆ. ಇಲ್ಲಿ ನಾನು ಎತ್ತಿಕೊಂಡಿರುವುದು ಒಂದೇ ಒಂದು ಪದ: ಬಿಟ್ಟಿ.

ನಾನು ತಾಲ್ಲೂಕು ಕೇಂದ್ರವೊಂದರ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಸ್ಟಾಫ್‌ರೂಮಿನಲ್ಲಿ ಒಂದು ದಿನ ಟೀ ಕುಡಿಯುವ ಹೊತ್ತಿಗೆ ಬಜೆಟ್ಟಿನ ಮಾತು ಬಂತು. ಬೋರ್‌ವೆಲ್ ಇರುವ ಎಂಟು ಎಕರೆ ಜಮೀನಿನ ಹಿರಿಯ ಸಹೋದ್ಯೋಗಿಯೊಬ್ಬರು, 'ಈ ಬಿಟ್ಟಿ ಅಕ್ಕಿ ಬಂದ್ಮೇಲೆ ನಮ್ಮೂರಲ್ಲಿ ಆಳು ಅನ್ನೋದೇ ಸಿಕ್ತಿಲ್ಲ ಸಾರ್. ಮೊದ್ಲು ಇದನ್ನೆಲ್ಲ ಕಟ್ ಮಾಡ್ಬೇಕು' ಎಂದರು. ಸುತ್ತ ಕೂತವರು ತಲೆಯಾಡಿಸಿದರು. ನಾನು ಲೋಟ ಕೆಳಗಿಟ್ಟು ಕ್ಲಾಸಿಗೆ ಹೋದೆ. ಏನೂ ಹೇಳಲಿಲ್ಲ.

ಅವತ್ತು ಸಂಜೆ ಊರಿಗೆ ಹೋದಾಗ ಅವ್ವನಿಗೆ ಇದನ್ನು ಹೇಳಿದೆ. ಅವ್ವ ಮೊರದಲ್ಲಿ ಅದೇ ಅಕ್ಕಿ ಹಸನು ಮಾಡುತ್ತಿತ್ತು. ತಲೆ ಎತ್ತದೆ, 'ಬಿಟ್ಟಿ ಮಾಡ್ದೋರು ನಾವು ಮಗ, ಬಿಟ್ಟಿ ಉಂಡೋರು ಅವ್ರು. ಈಗ ನಮ್ಗೇ ಬಿಟ್ಟಿ ಅಂದರಾ?' ಅಂತು. ಈ ಲೇಖನದಲ್ಲಿ ನಾನು ಹೇಳುವುದೆಲ್ಲ ಅವ್ವ ಹೇಳಿದ ಈ ಮಾತಿನ ವಿಸ್ತರಣೆ ಮಾತ್ರ.

2

ಬಿಟ್ಟಿ ಎಂದರೆ ಪುಕ್ಕಟೆ ಎನ್ನುವುದು ಇವತ್ತಿನ ಅರ್ಥ. ಹಳೆಯ ಅರ್ಥ ಬೇರೆ. ಸಂಸ್ಕೃತದ 'ವಿಷ್ಟಿ'ಯಿಂದ ಬಂದ ಈ ಪದಕ್ಕೆ ಕೂಲಿ ಕೊಡದೆ ಬಲವಂತವಾಗಿ ಮಾಡಿಸಿಕೊಳ್ಳುವ ದುಡಿಮೆ ಎಂದರ್ಥ. ಕನ್ನಡ ಶಾಸನಗಳಲ್ಲಿ ಬಿಟ್ಟಿ ತೆರಿಗೆಗಳ ಪಕ್ಕದಲ್ಲೇ ಬರುತ್ತದೆ. ಅಂದರೆ ಕಾಸು ಕೊಡಲಾರದವನಿಂದ ರಾಜ್ಯ ಮೈಯನ್ನೇ ಕಿತ್ತುಕೊಳ್ಳುತ್ತಿತ್ತು. ಸಂವಿಧಾನದ 23ನೇ ವಿಧಿ 'ಬೇಗಾರ್' ಎಂದು ಹೆಸರಿಟ್ಟು ನಿಷೇಧಿಸಿದ್ದು ಇದನ್ನೇ. ನಮ್ಮ ಕಡೆ ಎರಡನ್ನೂ ಸೇರಿಸಿ 'ಬಿಟ್ಟಿ ಬೇಗಾರಿ' ಅನ್ನುತ್ತಾರೆ.

ನನ್ನ ಮುತ್ತಾತ ಊರ ತೋಟಿ. ಕಂದಾಯಕ್ಕೆ ಜನ ಕೂಗೋದು, ಸಾವಿನ ಸುದ್ದಿ ಹೊತ್ತು ಊರೂರು ತಿರುಗೋದು, ಸತ್ತ ದನ ಎಳೆಯೋದು, ಸಾಹೇಬರ ಗಂಟು ಹೊರೋದು. ಇದಕ್ಕೆ ಸಂಬಳವಿಲ್ಲ. ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತು 'ಆಯ' ಪಡೆಯಬೇಕು. ಕಣದ ತಳದಲ್ಲಿ ಉಳಿದ ಮಣ್ಣು ಬೆರೆತ ರಾಗಿಯೇ ಆಯ. ವರ್ಷವಿಡೀ ದುಡಿದದ್ದರ ಕೂಲಿ ಅದು. ಆದರೆ ಕೊಡುವವನು ಧರ್ಮಕ್ಕೆ ಕೊಟ್ಟ ಹಾಗೆ ಕೊಡುತ್ತಿದ್ದ, ಈಸಿಕೊಳ್ಳುವವನು ಭಿಕ್ಷೆ ಈಸಿಕೊಂಡ ಹಾಗೆ ಸೆರಗೊಡ್ಡಬೇಕಾಗಿತ್ತು. 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯ್ದೆ ಈ ಚಾಕರಿಯನ್ನು ಕಾಗದದ ಮೇಲೆ ತೆಗೆದುಹಾಕಿತು. ಕಣದ ಅಂಚಿನಲ್ಲಿ ನಿಲ್ಲಿಸುವ ಮನಸ್ಸನ್ನು ತೆಗೆದುಹಾಕಲಿಲ್ಲ.

ಬಾಬಾಸಾಹೇಬರಿಗೆ ಈ ಹುನ್ನಾರ ಚೆನ್ನಾಗಿ ಗೊತ್ತಿತ್ತು. 1928ರಲ್ಲಿ ಅವರು ಮುಂಬಯಿ ಶಾಸನಸಭೆಯಲ್ಲಿ 1874ರ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆಗೆ ತಿದ್ದುಪಡಿ ಮಸೂದೆ ತಂದರು. ಬೆಳಗಾವಿ, ಧಾರವಾಡ, ಬಿಜಾಪುರಗಳೂ ಆಗ ಆ ಪ್ರಾಂತ್ಯದಲ್ಲೇ ಇದ್ದವು. ಮಹಾರರು ಮಾಡುವುದು ಸರ್ಕಾರದ ಕೆಲಸ, ಕೂಲಿಗೆ ಮಾತ್ರ ಊರವರ ಮನೆಬಾಗಿಲಲ್ಲಿ ಕಾಳಿಗೆ ಕೈಯೊಡ್ಡಬೇಕು. ಇದು ನಿಲ್ಲಬೇಕು ಎಂಬುದು ಅವರ ವಾದದ ತಿರುಳು. ಕೂಲಿಯನ್ನು ಭಿಕ್ಷೆಯಾಗಿ ಕಾಣಿಸುವುದೇ ಜಾತಿ ವ್ಯವಸ್ಥೆಯ ಅರ್ಥಶಾಸ್ತ್ರ. 'ಬಿಟ್ಟಿ' ಎಂಬ ಪದ ಅರ್ಥ ಬದಲಿಸಿದ್ದು ಈ ಅರ್ಥಶಾಸ್ತ್ರದ ಒಳಗೆ. ದುಡಿಮೆ ಕೊಟ್ಟವನ ಮೇಲಿದ್ದ ಪದ ಅಲ್ಲಿಂದ ಜಾರಿ, ಅನ್ನ ಪಡೆದವನ ಮೇಲೆ ಕೂತಿತು. ದುಡಿಸಿಕೊಂಡವನ ಮೇಲೆ ಮಾತ್ರ ಅದು ಒಂದು ದಿನವೂ ಕೂರಲಿಲ್ಲ.

1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು 'ಬೂಸಾ' ಎಂದರು. ಆ ಒಂದು ಪದಕ್ಕೆ ಕನ್ನಡಾಭಿಮಾನ ಬೀದಿಗಿಳಿಯಿತು, ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು, ಸಚಿವರ ಕುರ್ಚಿ ಹೋಯಿತು. ಪುಸ್ತಕವನ್ನು ಬೂಸಾ ಅಂದದ್ದಕ್ಕೆ ಅಷ್ಟು ನೊಂದ ನಾಡು, ಮನುಷ್ಯರ ಅನ್ನವನ್ನು ಬಿಟ್ಟಿ ಅಂದಾಗ ನೋಯಲಿಲ್ಲ. ಕನ್ನಡದ ಹಿರಿಯ ಲೇಖಕರಲ್ಲೇ ಕೆಲವರು ಅನ್ನಭಾಗ್ಯ ಜನರನ್ನು ಸೋಮಾರಿ ಮಾಡುತ್ತದೆ ಎಂದರು. ಇದು ನಮ್ಮ ಸಂವೇದನೆಯ ಪ್ರಶ್ನೆ ಅಲ್ಲವೆ?

3

ಸಾಹಿತ್ಯವನ್ನೇ ನೋಡೋಣ. 1933ರ 'ಚೋಮನ ದುಡಿ'ಗೆ ಕನ್ನಡದ ಓದುಗ ಕಣ್ಣೀರು ಹಾಕಿದ. 1975ರಲ್ಲಿ ಸಿನಿಮಾ ಆದಾಗ ಮತ್ತೆ ಹಾಕಿದ. ತೀರದ ಸಾಲ, ಸಿಕ್ಕದ ನೆಲ, ಕೊನೆಗೂ ಸೋತ ಚೋಮ. ಆ ಕಾದಂಬರಿಯ ಪ್ರಾಮಾಣಿಕತೆಯನ್ನು ನಾನು ಅನುಮಾನಿಸುತ್ತಿಲ್ಲ. ನನ್ನ ತಕರಾರು ಓದುಗನ ಜೊತೆ. ಸೋತ ಚೋಮನಿಗೆ ಅತ್ತ ಈ ಓದುಗ, ಚೋಮನ ಮರಿಮಗಳು ನ್ಯಾಯಬೆಲೆ ಅಂಗಡಿಯಿಂದ ಅಕ್ಕಿ ಚೀಲ ಹೊತ್ತು ತಲೆ ಎತ್ತಿ ಬಂದರೆ ಯಾಕೆ ಸಿಟ್ಟಾಗುತ್ತಾನೆ? ಹಸಿವು ಕಂಡರೆ ಅವನಿಗೆ ಕರುಣೆ ಬರುತ್ತದೆ, ಊಟ ಕಂಡರೆ ಲೆಕ್ಕ ಬರುತ್ತದೆ.

ದೇವನೂರ ಮಹಾದೇವರ 'ಒಡಲಾಳ' ಈ ಕರುಣೆಗೆ ಜಾಗವನ್ನೇ ಕೊಡುವುದಿಲ್ಲ. ಸಾಕವ್ವನ ಮನೆಮಂದಿಯೆಲ್ಲ ಕದ್ದು ತಂದ ಕಡಲೆಕಾಯಿ ಮೂಟೆಯನ್ನು ರಾತ್ರಿ ಪೂರ್ತಿ ಬೆಂಕಿಯ ಸುತ್ತ ಕೂತು ತಿಂದು ಮುಗಿಸುತ್ತಾರೆ. ಬೆಳಗಾದರೆ ಪೊಲೀಸರು ಬರುತ್ತಾರೆ. ಕದ್ದದ್ದು ಸರಿಯೋ ತಪ್ಪೋ ಎಂಬ ಗೋಜಿಗೆ ಕಥೆ ಹೋಗುವುದಿಲ್ಲ. ತಿನ್ನುವುದರ ಸಂಭ್ರಮವನ್ನು ಮಾತ್ರ ನಮ್ಮ ಮುಂದೆ ಹರಡುತ್ತದೆ. ಕನ್ನಡದಲ್ಲಿ ದಲಿತರು ಹೊಟ್ಟೆ ತುಂಬಾ ತಿಂದು ನಗುವ ಪುಟಗಳು ಎಷ್ಟಿವೆ, ಲೆಕ್ಕ ಹಾಕಿ. ನಮ್ಮ ಹಸಿವನ್ನು ಮಾತ್ರ ಬಲ್ಲ ಸಾಹಿತ್ಯಕ್ಕೆ ನಮ್ಮ ಊಟ ಅಪರಿಚಿತ. ಅಪರಿಚಿತವಾದ್ದರಿಂದಲೇ ಅದು ಕಳವಿನ ಹಾಗೆ ಕಾಣುತ್ತದೆ.

4

ಈಗ ನನ್ನ ಸಹೋದ್ಯೋಗಿಯ ಮಾತಿಗೆ ಬರುತ್ತೇನೆ. ಅದರಲ್ಲಿ ಒಂದು ಸತ್ಯ ಇದೆ: ಆಳು ಸಿಕ್ತಿಲ್ಲ. ಆದರೆ ಆ ವಾಕ್ಯ ಅರ್ಧ. ಪೂರ್ತಿ ಮಾಡಿದರೆ 'ನಾನು ಹೇಳಿದ ಕೂಲಿಗೆ, ನಾನು ಕರೆದ ಹೊತ್ತಿಗೆ ಆಳು ಸಿಕ್ತಿಲ್ಲ' ಎಂದಾಗುತ್ತದೆ.

ಅವ್ವನ ಕಾಲದಲ್ಲಿ ಆಷಾಢಕ್ಕೆ ಮನೆಯ ಮಡಕೆ ಬರಿದಾಗುತ್ತಿತ್ತು. ಗೌಡರ ಮನೆಯಿಂದ ಎರಡು ಸೇರು ರಾಗಿ ತಂದರೆ ಅದನ್ನು ತೀರಿಸಲು ಸುಗ್ಗಿಯಲ್ಲಿ ಅವರು ಹೇಳಿದಷ್ಟು ದಿನ ಕುಯ್ಲಿಗೆ ಹೋಗಬೇಕು, ಜೊತೆಗೆ ಕೊಟ್ಟಿಗೆ ಬಾಚಬೇಕು. ಜೀತಪದ್ಧತಿ ರದ್ದು ಕಾಯ್ದೆ 1976ರಲ್ಲೇ ಬಂದಿತ್ತು. ಹಸಿವಿಗೆ ಆ ಕಾಯ್ದೆ ಗೊತ್ತಿರಲಿಲ್ಲ. 2013ರ ಜುಲೈನಲ್ಲಿ ಕಿಲೋಗೆ ಒಂದು ರೂಪಾಯಿಯ ಅಕ್ಕಿ ಬಂತು, 2015ರಲ್ಲಿ ಅದು ಉಚಿತವಾಯಿತು. ಮನೆಯಲ್ಲಿ ಅಕ್ಕಿ ಇದ್ದರೆ ಹೆಂಗಸು ಎರಡು ದಿನ ಕಾಯಬಹುದು. 'ಐವತ್ತು ರೂಪಾಯಿ ಜಾಸ್ತಿ ಕೊಟ್ರೆ ಬತ್ತೀನಿ' ಅನ್ನಬಹುದು. ಸರ್ಕಾರದ ಬೊಕ್ಕಸದ ಹೆಸರಿನಲ್ಲಿ ನಡೆಯುತ್ತಿರುವ ಜಗಳದ ಒಳತಿರುಳು ಈ ಐವತ್ತು ರೂಪಾಯಿ. ವರ್ಗಸಂಘರ್ಷ ಎಂದು ನಾವು ಸೆಮಿನಾರುಗಳಲ್ಲಿ ದೊಡ್ಡದಾಗಿ ಹೇಳುವುದು ಊರಲ್ಲಿ ಹೀಗೆ ಗದ್ದೆ ಬದುವಿನ ಮೇಲೆ ನಡೆಯುತ್ತದೆ.

ಸೋಮಾರಿತನದ ಲೆಕ್ಕವನ್ನೂ ಮಾಡೋಣ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಆದ್ಯತಾ ಕುಟುಂಬದ ಒಬ್ಬರಿಗೆ ತಿಂಗಳಿಗೆ 5 ಕಿಲೋ. ದಿನಕ್ಕೆ ಸುಮಾರು 166 ಗ್ರಾಂ. 10 ಕಿಲೋ ಕೊಟ್ಟರೂ 333 ಗ್ರಾಂ. ಬೇಳೆ, ಎಣ್ಣೆ, ಉಪ್ಪು, ಮಾತ್ರೆ, ಮಗಳ ಬಸ್ ಪಾಸು, ಇವೆಲ್ಲ ಅಕ್ಕಿಯಿಂದ ಬರುವುದಿಲ್ಲ. ಇಷ್ಟು ಅಕ್ಕಿಗೆ ಒಬ್ಬ ಮನುಷ್ಯ ದುಡಿಮೆ ಬಿಟ್ಟು ಮಲಗುತ್ತಾನೆ ಎನ್ನುವವರು ಒಂದು ತಿಂಗಳು ಹಾಗೆ ಮಲಗಿ ತೋರಿಸಲಿ.

ಪುಕ್ಕಟೆ ಎನ್ನುವುದೇ ತಪ್ಪಾದರೆ, ಎಲ್ಲರ ಪುಕ್ಕಟೆಗೂ ಒಂದೇ ಹೆಸರಿರಬೇಕಲ್ಲ. ರಾಜ್ಯದಲ್ಲಿ 10 ಎಚ್.ಪಿ. ತನಕದ ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್ ಇದೆ. ರೈತನಿಗೆ ಅದು ಬೇಕು, ನಾನು ಬೇಡ ಎನ್ನುವುದಿಲ್ಲ. ಆದರೆ ಪಂಪ್‌ಸೆಟ್ ಬೇಕಾದರೆ ಮೊದಲು ಭೂಮಿ ಬೇಕು. 1974ರ ಭೂಸುಧಾರಣೆ ಗೇಣಿದಾರನಿಗೆ ಭೂಮಿ ಕೊಟ್ಟಿತು. ಗೇಣಿಯೂ ಇಲ್ಲದ ಕೂಲಿಗೆ, ಜೀತಗಾರನಿಗೆ ಸಿಕ್ಕಿದ್ದು ಕಡಿಮೆ. ಹೀಗಾಗಿ ಭೂಮಿ ಇದ್ದವನಿಗೆ ಬರುವುದು 'ಸಬ್ಸಿಡಿ', ಭೂಮಿ ಇಲ್ಲದವನಿಗೆ ಬರುವುದು 'ಬಿಟ್ಟಿ'. ಇನ್ನೂ ಮೇಲಕ್ಕೆ ಹೋದರೆ ಹೆಸರು ಇನ್ನೂ ನಯವಾಗುತ್ತದೆ. 2019ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಕಂಪನಿ ತೆರಿಗೆಯ ಮೂಲದರವನ್ನು ಶೇ. 30ರಿಂದ 22ಕ್ಕೆ ಇಳಿಸಿತು. ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಆದಾಯ ಬಿಟ್ಟುಕೊಟ್ಟಂತೆ ಎಂದು ಸರ್ಕಾರವೇ ಅಂದಾಜು ಹೇಳಿತು. ಅದರ ಹೆಸರು 'ಉತ್ತೇಜನ'. 2022ರ ಜುಲೈನಲ್ಲಿ ಪ್ರಧಾನಿಯವರು ಬೈದ 'ರೇವಡಿ' ಇದಲ್ಲ. ತಮಾಷೆಯೆಂದರೆ, ಅದೇ ಸರ್ಕಾರ 81 ಕೋಟಿ ಜನರಿಗೆ ಉಚಿತ ಧಾನ್ಯವನ್ನು 2024ರ ಜನವರಿಯಿಂದ ಐದು ವರ್ಷಕ್ಕೆ ಮುಂದುವರಿಸಿತು. ತಾನು ಕೊಟ್ಟರೆ ಕಲ್ಯಾಣ, ಎದುರಾಳಿ ಕೊಟ್ಟರೆ ರೇವಡಿ.

5

ಹಾಗಂತ ಕೊಡುವವರ ಭಾಷೆಯೂ ಶುದ್ಧವಲ್ಲ. 'ಅನ್ನಭಾಗ್ಯ' ಎಂಬ ಹೆಸರನ್ನೇ ನೋಡಿ. ಭಾಗ್ಯ ಎಂದರೆ ಹಣೆಬರಹ, ಪುಣ್ಯದ ಫಲ. ಯಾವ ಕರ್ಮಸಿದ್ಧಾಂತ ನಮ್ಮನ್ನು ಊರಾಚೆ ಇಟ್ಟಿತೋ ಅದರ ಕೋಶದಿಂದಲೇ ಸಮಾಜವಾದಿ ಹಿನ್ನೆಲೆಯ ಸರ್ಕಾರ ಪದ ಹೆಕ್ಕಿತು. ಒಬ್ಬರಿಗೆ ನಮ್ಮ ಅನ್ನ ಬಿಟ್ಟಿ, ಇನ್ನೊಬ್ಬರಿಗೆ ಭಾಗ್ಯ. ಎರಡರಲ್ಲೂ ಹಕ್ಕು ಇಲ್ಲ. ಹಕ್ಕಲ್ಲದ್ದನ್ನು ಕಡಿತ ಮಾಡುವುದು ಸುಲಭ.

ಕಡಿತ ಯಾವತ್ತೂ ಕಡಿತ ಎಂದು ಹೇಳಿಕೊಂಡು ಬರುವುದಿಲ್ಲ. 'ಅನರ್ಹರ ಪತ್ತೆ' ಎಂದು ಬರುತ್ತದೆ. 2024ರ ನವೆಂಬರಿನಲ್ಲಿ ರಾಜ್ಯದಲ್ಲಿ ಬಿಪಿಎಲ್ ಕಾರ್ಡುಗಳಿಗೆ ಕತ್ತರಿ ಬಿದ್ದು, ಗದ್ದಲವಾದ ಮೇಲೆ ಸರ್ಕಾರ ಹಿಂದೆ ಸರಿಯಿತು. ಕೆಲವು ಸಲ ಅದು ಯಂತ್ರದ ರೂಪದಲ್ಲಿ ಬರುತ್ತದೆ. ಕಳೆ ಕಿತ್ತು, ಗಾರೆ ಕಲೆಸಿ ಸವೆದ ಅವ್ವನ ಹೆಬ್ಬೆಟ್ಟನ್ನು ಯಂತ್ರ ಗುರುತಿಸದೆ ಎಷ್ಟೋ ಸಲ ವಾಪಸ್ ಕಳಿಸಿದೆ. ದುಡಿದದ್ದಕ್ಕೆ ಸಾಕ್ಷಿಯಾದ ಬೆರಳೇ ಅನ್ನಕ್ಕೆ ಅನರ್ಹವಾಗುತ್ತದೆ. 2017ರ ಜುಲೈನಲ್ಲಿ ಗೋಕರ್ಣದಲ್ಲಿ ದಲಿತ ಕುಟುಂಬದ ಮೂವರು ಅಣ್ಣತಮ್ಮಂದಿರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಆಧಾರ್ ಜೋಡಣೆಯಾಗದೆ ಅವರ ಪಡಿತರ ನಿಂತಿತ್ತೆಂದು ಸತ್ಯಶೋಧನೆಗೆ ಹೋದ ಪಿಯುಸಿಎಲ್ ಹೇಳಿತು. ಹಸಿವಿನ ಸಾವು ಎಂಬುದನ್ನು ಅಧಿಕಾರಿಗಳು ಒಪ್ಪಲಿಲ್ಲ.

6

ಕೊನೆಗೆ ನಮ್ಮೊಳಗಿನ ಜಗಳ. ಪರಿಶಿಷ್ಟರ ಜನಸಂಖ್ಯೆಗೆ ತಕ್ಕ ಪಾಲನ್ನು ಬಜೆಟ್ಟಿನಲ್ಲಿ ಎತ್ತಿಡಬೇಕೆಂದು 2013ರಲ್ಲಿ ಕರ್ನಾಟಕ ಕಾನೂನು ಮಾಡಿತು. ಅದಕ್ಕೆ ಚಳವಳಿಯ ಬೆವರಿದೆ. ಆದರೆ ಗ್ಯಾರಂಟಿ ಯೋಜನೆಗಳಿಗೆ ಈ ಉಪಯೋಜನೆಯ ಹಣದಿಂದ 2023-24ರಲ್ಲಿ 11 ಸಾವಿರ ಕೋಟಿಗೂ ಹೆಚ್ಚು, 2024-25ರಲ್ಲಿ 14 ಸಾವಿರ ಕೋಟಿಗೂ ಹೆಚ್ಚು ತೆಗೆದಿಡಲಾಯಿತು. ಫಲಾನುಭವಿಗಳಲ್ಲಿ ಪರಿಶಿಷ್ಟರೂ ಇದ್ದಾರಲ್ಲ, ಅವರ ಹಣ ಅವರಿಗೇ ಹೋಯಿತು ಎಂಬುದು ಸರ್ಕಾರದ ವಾದ. ಉಳಿದವರಿಗೆ ಸಾಮಾನ್ಯ ಬೊಕ್ಕಸದಿಂದ, ನಮಗೆ ಮಾತ್ರ ನಮ್ಮ ಪಾಲಿನಿಂದಲೇ. ಇದು ಯಾವ ನ್ಯಾಯ? ಭೂಮಿಗೆ, ಹಾಸ್ಟೆಲಿಗೆ, ಫೆಲೋಶಿಪ್ಪಿಗೆ ಎಂದು ಎತ್ತಿಟ್ಟದ್ದನ್ನು ಅಕ್ಕಿಗೆ ಅಳೆದರೆ, ಅವ್ವನ ತಟ್ಟೆಯ ಅನ್ನವನ್ನು ಮಗಳ ಹಾಸ್ಟೆಲಿನಿಂದ ತಂದಂತಾಯಿತು.

'ಈಗ ಇದನ್ನು ಎತ್ತಬೇಡಿ, ಗ್ಯಾರಂಟಿ ನಿಲ್ಲಿಸಿ ಅನ್ನೋರ ಕೈಗೆ ಕೋಲು ಕೊಟ್ಟಂಗಾಗುತ್ತೆ' ಎಂದು ಕೆಲವು ಗೆಳೆಯರು ಹೇಳುತ್ತಾರೆ. ಅವರ ಆತಂಕ ಸುಳ್ಳಲ್ಲ. ಆದರೆ ಕೋಲಿಗೆ ಹೆದರಿ ಬಾಯಿ ಮುಚ್ಚಿಕೊಂಡರೆ ನಾವು ಮತ್ತೆ ಕಣದ ಅಂಚಿನಲ್ಲೇ ನಿಂತಂತೆ. ಕೊಟ್ಟದ್ದನ್ನು ಈಸಿಕೊಂಡು ಅಳತೆ ಕೇಳದೆ ಬರುವುದು. ಅನ್ನಕ್ಕೆ ಕತ್ತರಿ ಹಾಕುವವರನ್ನು ಎದುರಿಸಬೇಕು. ನಮ್ಮ ಪಾಲಿನಿಂದಲೇ ಅನ್ನ ಕೊಟ್ಟು ಉಪಕಾರ ಹೊರಿಸುವವರನ್ನೂ ಕೇಳಬೇಕು. ಎರಡನ್ನೂ ಒಂದೇ ಉಸಿರಲ್ಲಿ ಹೇಳುವ ಭಾಷೆ ನಮಗೆ ಬೇಕು.

ಆ ಭಾಷೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಅವ್ವ ಅದನ್ನು ಭಾಗ್ಯ ಎನ್ನುವುದಿಲ್ಲ, ಉಚಿತ ಎನ್ನುವುದಿಲ್ಲ. 'ಪಡಿ ತರಕ್ಕೆ ಹೋಯ್ತೀನಿ' ಅನ್ನುತ್ತದೆ. ಪಡಿ ಎಂದರೆ ಅಳತೆ, ಅಳೆದು ಕೊಡಬೇಕಾದ ಪಾಲು. ಅಳತೆ ಕಡಿಮೆಯಾದರೆ ಅಂಗಡಿಯವನ ಜೊತೆ ಜಗಳ ಆಡುತ್ತದೆ. ಭಿಕ್ಷೆ ಕಡಿಮೆಯಾಯಿತೆಂದು ಯಾರೂ ಜಗಳ ಆಡುವುದಿಲ್ಲ. ತನ್ನದು ಕಡಿಮೆಯಾದರೆ ಮಾತ್ರ ಆಡುತ್ತಾರೆ.

ಸ್ಟಾಫ್‌ರೂಮಿನಲ್ಲಿ ಆ ಮಾತು ಮತ್ತೆ ಬಂದೇ ಬರುತ್ತದೆ. ಅವತ್ತು ಲೋಟ ಕೆಳಗಿಟ್ಟು ಎದ್ದು ಹೋಗದೆ, 'ಸಾರ್, ನಿಮ್ಮ ತಾತನ ಜಮೀನಲ್ಲಿ ನಮ್ಮ ತಾತ ಮಾಡಿದ್ದಕ್ಕೆ ಏನಂತ ಹೆಸರು?' ಎಂದು ಕೇಳಬೇಕು. ನನ್ನ ಕೆಲಸ ವರ್ಷವರ್ಷವೂ ನವೀಕರಣದ ಮೇಲೆ ನಿಂತದ್ದು, ಕೇಳುವುದು ಸುಲಭವಲ್ಲ. ಆದರೂ ಕೇಳಬೇಕು.