ಸತ್ಯನ್ ತೆಗೆದ ಮುಖಗಳು

ಯಿಶುನ್‌ನ ನಮ್ಮ ಬ್ಲಾಕಿನ ಕೆಳಗೆ, ಊರಿನಿಂದ ಬಂದಿದ್ದ ಅಮ್ಮನನ್ನು ನಿಲ್ಲಿಸಿ ಫೋಟೋ ತೆಗೆದೆವು. ಒಂದೊಂದು ಸುಕ್ಕೂ ಸ್ಪಷ್ಟ. ಅಮ್ಮ ಮಾತ್ರ ಅದರಲ್ಲಿರಲಿಲ್ಲ. ಯಾಕೆಂದು ಹೊಳೆದದ್ದು ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರ ಕಪ್ಪು-ಬಿಳುಪು ಚಿತ್ರಗಳನ್ನು ಮತ್ತೆ ನೋಡಿದಾಗ. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಚಿತ್ರಗಳು ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶನಗೊಂಡಿದ್ದವು. ಸತ್ಯನ್ ಅವರ ಜನ ಪೋಸು ಕೊಡುವುದಿಲ್ಲ. ತಮ್ಮ ಪಾಡಿಗೆ ಆಟದಲ್ಲೋ ಕೆಲಸದಲ್ಲೋ ಇರುತ್ತಾರೆ. ಅದಕ್ಕೆ ಬೇಕಾದದ್ದು ಲೆನ್ಸಿಗಿಂತ ತಾಳ್ಮೆ. ನಮ್ಮದೊಂದು ತಕರಾರೂ ಉಂಟು: ಈ ಲೋಕದಲ್ಲಿ ನಗು ಹೆಚ್ಚು, ಸಿಟ್ಟು ಕಡಿಮೆ. ಆದರೆ ಬಡವರನ್ನು ಅವರು ಕರುಣೆಯ ಸರಕು ಮಾಡಲಿಲ್ಲ, ಅದು ದೊಡ್ಡದು.

ಮರುದಿನ ಸೊಪ್ಪು ಬಿಡಿಸುತ್ತಿದ್ದ ಅಮ್ಮನ ಪಕ್ಕ ಕೂತು, ಮಾತಾಡಿ, ಆಮೇಲೆ ಕ್ಲಿಕ್ಕಿಸಿದೆವು. ಫೋಟೋ ಸ್ವಲ್ಪ ಮಸುಕು. ಊರಿಗೆ ಹೊರಟಾಗ ಅಮ್ಮ ಕೇಳಿ ತೆಗೆದುಕೊಂಡದ್ದು ಅದನ್ನೇ.