ಕೆಸರು ಯಾರಿಗೆ ಆಟ?

ಆಫ್‌ರೋಡ್ ಗಾಡಿಗಳ ಜಾಹೀರಾತು ನೋಡಿ. ಗಾಡಿ ಹಳ್ಳಕ್ಕೆ ನುಗ್ಗುತ್ತೆ, ನೀರು ಎರಡೂ ಕಡೆ ಚಿಮ್ಮುತ್ತೆ, ಊರಿನವರು ಒಬ್ಬರೂ ಕಾಣಲ್ಲ. ಚೆನ್ನಾಗೇ ತೆಗೆದಿರ್ತಾರೆ, ಆದರೆ ಕಲಿಸೋದು ತಪ್ಪು ಪಾಠ.

ಕೊಲ್ಲೂರಿನಿಂದ ಕೊಡಚಾದ್ರಿ ಹತ್ತುವ ಜೀಪಿನಲ್ಲಿ ಒಮ್ಮೆ ಮುಂದೆ ಕೂತು ನೋಡಿ. ಕಡಿದಾದ ಕಡೆ ಡ್ರೈವರ್ ಹೆಚ್ಚುಕಮ್ಮಿ ನಡಿಗೆಯ ವೇಗಕ್ಕೆ ಇಳಿಸ್ತಾರೆ. ಲೋ ಗೇರ್ ಇರೋದೇ ಅದಕ್ಕೆ: ವೇಗ ಕಮ್ಮಿ, ಎಳೆಯುವ ಬಲ ಜಾಸ್ತಿ. ಸುಮ್ಮನೆ ಆಕ್ಸಿಲರೇಟರ್ ತುಳಿದರೆ ಚಕ್ರ ನಿಂತಲ್ಲೇ ತಿರುಗಿ ಗುಂಡಿ ತೋಡುತ್ತೆ. ಮುಂದಿನ ಮಳೆಗೆ ಅದೇ ಕಾಲುವೆ.

ನಮ್ಮೂರಿಗೆ ಮಳೆಗಾಲದಲ್ಲಿ ಬಸ್ ಬರ್ತಿರಲಿಲ್ಲ. ಜ್ವರದ ಅಜ್ಜಿಯನ್ನು ಕಂಬಳಿಯಲ್ಲಿ ಹೊತ್ತು ಕೆಸರು ದಾಟಿದ್ದೇವೆ. ವೀಕೆಂಡಿಗೆ ಹೋಗಿ, ಖುಷಿಪಡಿ. ಆದರೆ ಸೋಮವಾರ ಅದೇ ದಾರೀಲಿ ಮಕ್ಕಳು ಶಾಲೆಗೆ ನಡೀಬೇಕು.